ಧರ್ಮಸಭೆ ಪವಿತ್ರ ಎಂದರೇನು? ಮುಂಬೈಯ ಕನ್ನಡ ಕಥೋಲಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಮ್ಮ ಕನ್ನಡದವರ ಒಂದು ಸಣ್ಣ ಗುಂಪು ಸೇರುತ್ತದೆ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರು, ಕಲಬುರಗಿ ಕಡೆಯ ಗಾರೆ ಕೆಲಸದವರು, ಆಸ್ಪತ್ರೆಯ ದಾದಿಯರು, ನನ್ನ ಹಾಗೆ ಹಾಸನದ ಕಡೆಯಿಂದ ಬಂದು ಇಲ್ಲಿಯೇ ನೆಲೆಸಿದವರು ಅದರಲ್ಲಿದ್ದಾರೆ. ನಾನು ಅವರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಆದರೆ ಕಷ್ಟದ ಪ್ರಶ್ನೆಗಳು ಬರುವುದು ದೊಡ್ಡವರಿಂದ. "ಏಕ, ಪವಿತ್ರ, ಕಥೋಲಿಕ, ಪ್ರೇಷಿತ ಧರ್ಮಸಭೆ" ಎಂದು ಪ್ರತಿ ವಾರ ಪೂಜೆಯ ವಿಶ್ವಾಸ ಪ್ರಮಾಣದಲ್ಲಿ ಎದ್ದು ನಿಂತು ಹೇಳುತ್ತೇವೆ. ಧರ್ಮಸಭೆ ಎಂದರೆ ಕಟ್ಟಡವಲ್ಲ, ಕ್ರೈಸ್ತರ ಇಡೀ ಸಮುದಾಯ. ಈ ನಾಲ್ಕು ಮಾತುಗಳಲ್ಲಿ ಜನರ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಎರಡನೆಯದು. ಅದರ ಬಗ್ಗೆ ನನ್ನನ್ನು ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ, ಕೆಲವೊಮ್ಮೆ ತಡವಾಗಿ ಹೊಳೆದ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

'ಪವಿತ್ರ' ಎಂಬ ಮಾತಿಗೆ ಇಲ್ಲಿ ನಿಜವಾದ ಅರ್ಥವೇನು?

ಮುಡಿಪು ಕಟ್ಟುವುದನ್ನು ನೋಡದ ಕನ್ನಡಿಗರು ಕಡಿಮೆ. ಮಗುವಿಗೆ ಜ್ವರ ಏರಿದಾಗ ಪಕ್ಕದ ಮನೆಯ ಅಜ್ಜಿ ಒಂದು ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ ತಿರುಪತಿಗೆಂದು ಎತ್ತಿಡುತ್ತಾರೆ. ಆ ನಾಣ್ಯ ಡಬ್ಬಿಯಲ್ಲಿರುವ ಬೇರೆ ನಾಣ್ಯಗಳಿಗಿಂತ ಹೆಚ್ಚು ಹೊಳೆಯುವುದಿಲ್ಲ, ಹೆಚ್ಚು ತೂಗುವುದೂ ಇಲ್ಲ. ಬದಲಾದದ್ದು ಅದರ ಒಡೆತನ ಮಾತ್ರ. ಮರುದಿನ ಹಾಲಿಗೆ ಚಿಲ್ಲರೆ ಇಲ್ಲದಿದ್ದರೂ ಮನೆಯಲ್ಲಿ ಯಾರೂ ಆ ಗಂಟನ್ನು ಬಿಚ್ಚುವುದಿಲ್ಲ, ಏಕೆಂದರೆ ಅದು ಈಗ ಮನೆಯವರದಲ್ಲ.

ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯ 'ಕಾದೋಶ್' ಎಂಬ ಪದವನ್ನು ವಿದ್ವಾಂಸರು ಸಾಮಾನ್ಯವಾಗಿ 'ಬೇರೆಯಾಗಿ ಇರಿಸಿದ್ದು' ಎಂದು ವಿವರಿಸುತ್ತಾರೆ. ನಾನು ಮಕ್ಕಳಿಗೆ 'ಮುಡಿಪು' ಎಂದೇ ಹೇಳುತ್ತೇನೆ, ಅವರಿಗೆ ತಕ್ಷಣ ಅರ್ಥವಾಗುತ್ತದೆ. ತನ್ನಷ್ಟಕ್ಕೆ ಪವಿತ್ರನು ದೇವರೊಬ್ಬನೇ. ಮಿಕ್ಕಿದ್ದೆಲ್ಲ, ದೇವಾಲಯದ ಪಾತ್ರೆಯಾಗಲಿ, ಸಬ್ಬತ್ತಿನ ದಿನವಾಗಲಿ, ಇಸ್ರಯೇಲ್ ಜನಾಂಗವಾಗಲಿ, ಅವನದಾಗಿರುವುದರಿಂದ ಪವಿತ್ರ. ಧರ್ಮಸಭೆಯ ವಿಷಯದಲ್ಲಿಯೂ ಹೀಗೆಯೇ. ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ, ಕ್ರಿಸ್ತರು ಧರ್ಮಸಭೆಯನ್ನು ಪ್ರೀತಿಸಿ, ಅದನ್ನು ಪವಿತ್ರಗೊಳಿಸಲು ತಮ್ಮನ್ನೇ ಅರ್ಪಿಸಿಕೊಂಡರು ಎನ್ನುತ್ತಾರೆ. ನಾವು ಒಳ್ಳೆಯವರಾಗಿದ್ದೆವು, ಅದಕ್ಕೆ ಆತ ನಮ್ಮನ್ನು ಆರಿಸಿಕೊಂಡ ಎಂದು ಆ ಮಾತಿನಲ್ಲಿ ಎಲ್ಲಿಯೂ ಇಲ್ಲ.

ಹೋಲಿಕೆಗೆ ಎರಡು ಮಿತಿಗಳಿವೆ, ಅವನ್ನೂ ಹೇಳಿಬಿಡುತ್ತೇನೆ. ಮುಡಿಪನ್ನು ನಾವು ದೇವರಿಗೆ ಎತ್ತಿಡುತ್ತೇವೆ. ಇಲ್ಲಿ ನಮ್ಮನ್ನು ಎತ್ತಿಟ್ಟುಕೊಂಡವನು ದೇವರೇ. ಇನ್ನೊಂದು, ನಾಣ್ಯ ಗಂಟಿನೊಳಗೆ ನಾಣ್ಯವಾಗಿಯೇ ಉಳಿಯುತ್ತದೆ, ಮನುಷ್ಯ ಹಾಗೆ ಉಳಿಯಬಾರದು. ದೇವರ ವರಪ್ರಸಾದ ಹೊರಗಿನಿಂದ ಹೊದಿಸಿದ ಬಟ್ಟೆಯಲ್ಲ, ಅದು ಮನುಷ್ಯನನ್ನು ಒಳಗಿನಿಂದ ಹೊಸದಾಗಿಸುತ್ತದೆ ಎಂಬುದು ಕಥೋಲಿಕ ಬೋಧನೆ. 1547ರಲ್ಲಿ ಧರ್ಮಾಧ್ಯಕ್ಷರು (ಬಿಷಪ್ಪರು) ಸೇರಿದ್ದ ತ್ರೆಂತ್ ಮಹಾಸಭೆ ಇದನ್ನೇ ಒತ್ತಿ ಹೇಳಿತು. ಒಡೆತನ ಮೊದಲು, ಬದಲಾವಣೆ ಆಮೇಲೆ. ಈ ಕ್ರಮ ತಲೆಕೆಳಗಾದಾಗಲೇ ನಮಗೆ ಗೊಂದಲಗಳೆಲ್ಲ ಹುಟ್ಟುತ್ತವೆ.

ಹಾಗಾದರೆ ಪವಿತ್ರತೆ ಎಂದರೆ ನಮ್ಮ ಹಿರಿಯರು ಹೇಳುತ್ತಿದ್ದ ಮಡಿಯೇ?

ಅಲ್ಲ. ಈ ಪ್ರಶ್ನೆಯನ್ನು ನಾನು ತುಂಬ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ನಮ್ಮ ಜನರ ಮನಸ್ಸಿನಲ್ಲಿ ಈ ಎರಡೂ ಕಲಸಿಹೋಗಿವೆ. ಚರ್ಚಿಗೆ ಬರುವವರೂ ಇದಕ್ಕೆ ಹೊರತಲ್ಲ.

ಮಡಿಗೆ ಒಂದು ಭಯವಿದೆ, ಮೈಲಿಗೆ ಅಂಟಿಕೊಳ್ಳುತ್ತದೆ ಎಂಬ ಭಯ. ಮಡಿಯುಟ್ಟವರು ದೂರ ನಿಲ್ಲಬೇಕು, ಮುಟ್ಟಿದರೆ ಮತ್ತೆ ಸ್ನಾನ ಮಾಡಬೇಕು. ಮೈಲಿಗೆಯೇ ಬಲಶಾಲಿ, ಮಡಿ ದುರ್ಬಲ. ಯೇಸುಸ್ವಾಮಿ ಇದನ್ನು ತಿರುಗಿಸಿದರು. ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಒಬ್ಬ ಕುಷ್ಠರೋಗಿ ಅವರ ಮುಂದೆ ಮೊಣಕಾಲೂರುತ್ತಾನೆ. ದೂರದಿಂದಲೇ ಒಂದು ಮಾತು ಹೇಳಿ ಗುಣಪಡಿಸುವ ಶಕ್ತಿ ಅವರಿಗಿತ್ತು. ಅವರು ಕೈಚಾಚಿ ಮುಟ್ಟಿದರು. ರೋಗದ ಮೈಲಿಗೆ ಅವರಿಗೆ ತಟ್ಟಲಿಲ್ಲ, ಅವರ ಪವಿತ್ರತೆ ರೋಗಿಗೆ ತಟ್ಟಿತು. 5ನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸು ಹಿಂದಿನಿಂದ ಬಂದು ಅವರ ಉಡುಪನ್ನು ಮುಟ್ಟುತ್ತಾಳೆ. ಆಕೆ ಮುಟ್ಟಿದ್ದನ್ನು ಮುಚ್ಚಿಡಲು ನೋಡಿದಳು, ಅವರು ಜನರ ನಡುವೆ ಆಕೆಯನ್ನು 'ಮಗಳೇ' ಎಂದು ಕರೆದರು. ಮನೆಯ ಹೊರಗೆ ಕೂತ ದಿನಗಳನ್ನು ನೆನೆಸಿಕೊಂಡು ಈ ಭಾಗವನ್ನು ಕೇಳುವಾಗ ನಮ್ಮ ಗುಂಪಿನ ಹೆಂಗಸರ ಮುಖದಲ್ಲಿ ಆಗುವ ಬದಲಾವಣೆಯನ್ನು ನಾನು ನೋಡಿದ್ದೇನೆ.

ಯಾಜಕಕಾಂಡದ 19ನೆಯ ಅಧ್ಯಾಯವನ್ನೂ ಒಮ್ಮೆ ಓದಿ. ನಾನು ಪವಿತ್ರನು, ನೀವೂ ಪವಿತ್ರರಾಗಿರಿ ಎಂದು ದೇವರು ಹೇಳುವುದು ಅಲ್ಲಿ. ಆ ಮಾತಿನ ಹಿಂದೆಯೇ ಬರುವುದೇನು? ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡು. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ನಿನ್ನ ಬಳಿ ಇಟ್ಟುಕೊಳ್ಳಬೇಡ. ಕುರುಡನ ದಾರಿಗೆ ಅಡ್ಡಿ ಇಡಬೇಡ. ತಕ್ಕಡಿ ಸರಿಯಿರಲಿ. ಬೆಳಗಿನ ಜಾವ ನಾಕಾದಲ್ಲಿ ನಿಂತು ಆ ದಿನದ ಕೆಲಸಕ್ಕೆ ಕಾಯುವ ಗಾರೆಯವನಿಗೆ ಸಂಜೆಯೇ ಕೂಲಿ ಕೊಡುವುದು ಬೈಬಲಿನ ಲೆಕ್ಕದಲ್ಲಿ ಪವಿತ್ರತೆಯ ವಿಷಯ. ಮನೆಗೆಲಸದ ಹೆಂಗಸಿಗೆ ಬೇರೆ ಲೋಟ ಇಟ್ಟಿರುವ ಕಥೋಲಿಕ ಮನೆಗಳು ಈ ಊರಿನಲ್ಲಿವೆ. ಅಂಥ ಮನೆಯಲ್ಲಿ ಮಡಿ ಇರಬಹುದು, ಪವಿತ್ರತೆ ಇಲ್ಲ.

ಧರ್ಮಸಭೆಯಲ್ಲಿ ಇಷ್ಟೊಂದು ಪಾಪ ನಡೆದಿರುವಾಗ ಅದನ್ನು ಪವಿತ್ರ ಎನ್ನಲು ನಾಲಿಗೆ ಹೇಗೆ ಏಳುತ್ತದೆ?

ಈ ಪ್ರಶ್ನೆಯನ್ನು ಹೀಗೆಯೇ ಕೇಳಿದವರು ಒಬ್ಬ ತಾಯಿ. ಹಲವು ದೇಶಗಳಲ್ಲಿ ಗುರುಗಳಿಂದ, ಅಂದರೆ ಚರ್ಚಿನ ಪಾದ್ರಿಗಳಿಂದ, ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಸುದ್ದಿಗಳನ್ನು ಅವರು ಓದಿದ್ದರು. ಅದಕ್ಕಿಂತ ಹೆಚ್ಚಾಗಿ, ಅದನ್ನು ಮುಚ್ಚಿಟ್ಟ ಹಿರಿಯರ ಬಗ್ಗೆ ಓದಿ ಕುದಿಯುತ್ತಿದ್ದರು. ಆ ದಿನ ನನ್ನ ಬಳಿ ಉತ್ತರವಿರಲಿಲ್ಲ, ಸುಮ್ಮನಿದ್ದೆ. ಆಮೇಲೆ ಎಷ್ಟೋ ರಾತ್ರಿ ಯೋಚಿಸಿ ಸಿಕ್ಕಿದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಧರ್ಮಸಭೆ ತನ್ನಲ್ಲಿ ಪಾಪಿಗಳಿಲ್ಲ ಎಂದು ಎಂದೂ ಹೇಳಿಲ್ಲ. ಮತ್ತಾಯನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಗೋಧಿಯ ಹೊಲದಲ್ಲಿ ಕಳೆಯೂ ಬೆಳೆಯುತ್ತದೆ, ಬಲೆಗೆ ಒಳ್ಳೆಯ ಮೀನಿನ ಜೊತೆ ಕೆಟ್ಟದ್ದೂ ಬೀಳುತ್ತದೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರಂಭದಲ್ಲಿ ಅವರನ್ನು ಕ್ರಿಸ್ತಯೇಸುವಿನಲ್ಲಿ ಪವಿತ್ರರಾದವರು ಎಂದು ಸಂಬೋಧಿಸುತ್ತಾರೆ. ಮುಂದಿನ ಪುಟಗಳಲ್ಲಿ ಅದೇ ಜನರ ಗುಂಪುಗಾರಿಕೆ, ಒಬ್ಬರ ಮೇಲೊಬ್ಬರು ಹಾಕಿದ ಮೊಕದ್ದಮೆಗಳು, ಮಲತಾಯಿಯನ್ನೇ ಇಟ್ಟುಕೊಂಡವನ ಸುದ್ದಿ, ಪ್ರಭುವಿನ ಭೋಜನದಲ್ಲಿ ಒಬ್ಬ ಹಸಿದು ಕೂತಿರುವಾಗ ಇನ್ನೊಬ್ಬ ಕುಡಿದು ಮತ್ತನಾಗುವುದು, ಎಲ್ಲವನ್ನೂ ಹೆಸರಿಟ್ಟು ಬೈಯುತ್ತಾರೆ. ಆದರೆ ಮೊದಲ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡನೇ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಹೊರಡಿಸಿದ 'ಲುಮೆನ್ ಜೆನ್ಸಿಯುಮ್' ಎಂಬ ಸಂವಿಧಾನದ 8ನೆಯ ಪರಿಚ್ಛೇದದಲ್ಲಿ ಇದನ್ನೇ ನೇರವಾಗಿ ಹೇಳಿದೆ. ಕ್ರಿಸ್ತರು ಪಾಪವನ್ನರಿಯದವರು, ಧರ್ಮಸಭೆಯಾದರೋ ಪಾಪಿಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡಿದೆ. ಆದ್ದರಿಂದ ಅದು ಏಕಕಾಲಕ್ಕೆ ಪವಿತ್ರವೂ ಹೌದು, ಸದಾ ಶುದ್ಧೀಕರಣ ಬೇಕಾದದ್ದೂ ಹೌದು. 2000ದ ಮಾರ್ಚ್ 12ರಂದು ಪೋಪ್ ಎರಡನೇ ಜಾನ್ ಪಾಲ್ ಸಂತ ಪೇತ್ರರ ಬಸಿಲಿಕದಲ್ಲಿ, ಧರ್ಮಸಭೆಯ ಮಕ್ಕಳು ಶತಮಾನಗಳಿಂದ ಮಾಡಿದ ಪಾಪಗಳಿಗಾಗಿ ದೇವರ ಕ್ಷಮೆಯನ್ನು ಬಹಿರಂಗವಾಗಿ ಕೇಳಿದರು. ಸತ್ಯದ ಹೆಸರಿನಲ್ಲಿ ನಡೆದ ಹಿಂಸೆ, ಯೆಹೂದ್ಯರ ವಿರುದ್ಧದ ಪಾಪಗಳು, ಸ್ತ್ರೀಯರ ಘನತೆಗೆ ಬಂದ ಕುಂದು ಆ ಪಟ್ಟಿಯಲ್ಲಿದ್ದವು.

ಆದರೆ ಆ ತಾಯಿಗೆ ಇಷ್ಟು ಸಾಲದು, ನನಗೂ ಸಾಲದು. ಮುಡಿಪಿನ ಮಾತಿಗೆ ಮತ್ತೆ ಬರುತ್ತೇನೆ. ಡಬ್ಬಿಯ ನಾಣ್ಯ ಕದ್ದವನು ಕಳ್ಳ. ಮುಡಿಪಿನ ನಾಣ್ಯ ಕದ್ದವನನ್ನು ನಮ್ಮ ಅಜ್ಜಿಯರು ಬರಿಯ ಕಳ್ಳ ಎನ್ನುತ್ತಿದ್ದರೇ? ಧರ್ಮಸಭೆ ಪವಿತ್ರ ಎನ್ನುವ ಮಾತು ಅಪರಾಧಿಗೆ ರಕ್ಷಣೆಯಲ್ಲ, ಅವನ ಅಪರಾಧವನ್ನು ಇನ್ನಷ್ಟು ಭಾರವಾಗಿಸುವ ಮಾತು. ಆ ಮಗು ದೇವರದು. ಆ ಗುರುವಿನ ಕೈಗಳೂ ದೇವರಿಗೆಂದು ಅಭಿಷೇಕಗೊಂಡಿದ್ದವು. ಕೆಟ್ಟುಹೋದದ್ದು ಎರಡೂ ಮುಡಿಪು. ಧರ್ಮಸಭೆಯ ಪವಿತ್ರತೆಯ ಹೆಸರು ಕೆಡಬಾರದೆಂದು ಮುಚ್ಚಿಟ್ಟವರು ಆ ಪವಿತ್ರತೆಯ ಅರ್ಥವನ್ನೇ ತಿಳಿಯದವರು.

ಒಂದು ವ್ಯಾವಹಾರಿಕ ಮಾತು. ಮಗುವಿನ ಮೇಲೆ ಇಂಥ ದೌರ್ಜನ್ಯ ನಡೆದಿರುವುದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಕಡ್ಡಾಯ. ಆರೋಪಿ ಗುರುವಾಗಿರಲಿ, ಧರ್ಮೋಪದೇಶಕನಾಗಿರಲಿ, ಸಂಬಂಧಿಕನಾಗಿರಲಿ. ಹೀಗೆ ದೂರು ಕೊಟ್ಟರೆ ಧರ್ಮಸಭೆಗೆ ದ್ರೋಹವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪಾಪಿಯಾದ ಗುರು ಕೊಟ್ಟ ದೀಕ್ಷಾಸ್ನಾನದಂಥ ಸಂಸ್ಕಾರ ಸಲ್ಲುತ್ತದೆಯೇ?

ಸಲ್ಲುತ್ತದೆ. ಈ ಜಗಳ ಬಹಳ ಹಳೆಯದು. 303ರಲ್ಲಿ ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಮೇಲೆ ಹಿಂಸೆ ಆರಂಭಿಸಿದಾಗ ಉತ್ತರ ಆಫ್ರಿಕದ ಕೆಲವು ಧರ್ಮಾಧ್ಯಕ್ಷರೂ ಗುರುಗಳೂ ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದರು. ಹಿಂಸೆ ನಿಂತ ಮೇಲೆ, ಅಂಥವರ ಕೈಯಿಂದ ಬಂದ ದೀಕ್ಷೆ ದೀಕ್ಷೆಯೇ ಅಲ್ಲ, ಶುದ್ಧರಿರುವ ಸಭೆ ಮಾತ್ರ ಧರ್ಮಸಭೆ ಎಂದು ಡೊನಾಟಿಸ್ಟರು ಎಂಬ ಗುಂಪಿನವರು ಬೇರೆಯಾದರು. ಅವರ ಕೋಪ ಅರ್ಥವಾಗುವಂಥದ್ದು. ಹಿಂಸೆಯಲ್ಲಿ ಅವರ ಸ್ವಂತ ಜನ ಸತ್ತಿದ್ದರು.

ಹಿಪ್ಪೋ ನಗರದ ಧರ್ಮಾಧ್ಯಕ್ಷ ಸಂತ ಅಗಸ್ಟೀನರು ಅವರಿಗೆ ಎದುರಾಗಿ ವರ್ಷಗಟ್ಟಲೆ ವಾದಿಸಿದರು. 411ರಲ್ಲಿ ಕಾರ್ಥೇಜಿನಲ್ಲಿ ಎರಡೂ ಕಡೆಯ ಧರ್ಮಾಧ್ಯಕ್ಷರ ದೊಡ್ಡ ಸಮಾವೇಶವೇ ನಡೆಯಿತು. ಅಗಸ್ಟೀನರ ವಾದ ಸರಳ. ದೀಕ್ಷಾಸ್ನಾನ ಕೊಡುವವರು ಕ್ರಿಸ್ತರು, ಗುರುವಿನದು ಕೈ ಮಾತ್ರ. ಕಲ್ಲಿನ ಕಾಲುವೆಯಲ್ಲಿ ನೀರು ಹರಿದು ತೋಟಕ್ಕೆ ಹೋಗುತ್ತದೆ, ಕಲ್ಲಿನ ಮೇಲೆ ಏನೂ ಬೆಳೆಯುವುದಿಲ್ಲ, ತೋಟ ಮಾತ್ರ ಫಲ ಕೊಡುತ್ತದೆ ಎಂದರು ಅವರು. ಇಲ್ಲದಿದ್ದರೆ ನಿಮ್ಮ ಮಗುವಿನ ದೀಕ್ಷೆ ಸರಿಯೇ ಎಂದು ತಿಳಿಯಲು ಗುರುವಿನ ಅಂತರಂಗವನ್ನು ಪರೀಕ್ಷಿಸಬೇಕಾಗುತ್ತಿತ್ತು. ಅದು ಯಾರಿಂದ ಸಾಧ್ಯ?

ಆದರೆ ಕಲ್ಲು ಒಣಗಿಯೇ ಉಳಿಯುತ್ತದೆ ಎಂಬ ಭಾಗವನ್ನು ನಮ್ಮ ಗುರುಗಳು ಮರೆಯದಿರಲಿ ಎಂದು ಗೌರವದಿಂದಲೇ ಹೇಳುತ್ತೇನೆ.

ಧರ್ಮಸಭೆ ಎಂದರೆ ಪೋಪ್, ಧರ್ಮಾಧ್ಯಕ್ಷರು, ಗುರುಗಳು ತಾನೇ?

ದೀಕ್ಷಾಸ್ನಾನ ಪಡೆದವರೆಲ್ಲರೂ. 'ಲುಮೆನ್ ಜೆನ್ಸಿಯುಮ್' ಧರ್ಮಾಧ್ಯಕ್ಷರ ಬಗ್ಗೆ ಮಾತನಾಡುವ ಮೊದಲೇ 'ದೇವಜನ' ಎಂದು ಒಂದು ಇಡೀ ಅಧ್ಯಾಯವನ್ನು ಇಟ್ಟಿದೆ. ಈ ಕ್ರಮ ಆಕಸ್ಮಿಕವಲ್ಲ, ಮಹಾಸಭೆಯಲ್ಲಿ ಚರ್ಚಿಸಿಯೇ ಹೀಗೆ ಇರಿಸಲಾಯಿತು.

ಬೆಳಿಗ್ಗೆ ಐದರ ಲೋಕಲ್ ಹಿಡಿದು ರಾತ್ರಿ ಹತ್ತಕ್ಕೆ ಮನೆ ಸೇರುವ ನನಗೆ ಪವಿತ್ರತೆ ಹೇಗೆ ಸಾಧ್ಯ?

ಕೇಳಿದವರು ವಿರಾರಿನಿಂದ ಚರ್ಚ್‌ಗೇಟಿಗೆ ದಿನಾ ಓಡಾಡುವ ಗೃಹಸ್ಥರು. ಪವಿತ್ರತೆ ಎಂದರೆ ಮಠಕ್ಕೆ, ಕನ್ಯಾಮಠಕ್ಕೆ ಸೇರಿದ್ದು, ಸಂಸಾರಿಗಳಿಗೆ ಪಾಪ ಮಾಡದಿದ್ದರೆ ಸಾಕು ಎಂಬ ಭಾವನೆ ನಮ್ಮಲ್ಲಿ ಬೇರು ಬಿಟ್ಟಿದೆ. 'ಲುಮೆನ್ ಜೆನ್ಸಿಯುಮ್' ಸಂವಿಧಾನದ 5ನೆಯ ಅಧ್ಯಾಯ ಇದನ್ನು ಬೇರುಸಹಿತ ಕೀಳಲು ಬರೆದದ್ದು. ಯಾವ ಸ್ಥಿತಿಯಲ್ಲಿರುವವರೇ ಆಗಲಿ, ಕ್ರೈಸ್ತರೆಲ್ಲರಿಗೂ ಕ್ರೈಸ್ತ ಜೀವನದ ಪೂರ್ಣತೆಗೂ ಪ್ರೀತಿಯ ಪರಿಪೂರ್ಣತೆಗೂ ಕರೆಯಿದೆ ಎಂದು ಅದು ಸಾರುತ್ತದೆ. ಅಲ್ಲಿ ವಿಧವೆಯರ, ದಂಪತಿಗಳ, ಮೈಮುರಿದು ದುಡಿಯುವವರ, ರೋಗಿಗಳ ಹೆಸರು ತೆಗೆದು ಮಾತನಾಡಿದ್ದಾರೆ. ಜಿನೀವಾದ ಧರ್ಮಾಧ್ಯಕ್ಷ ಸಂತ ಫ್ರಾನ್ಸಿಸ್ ದ ಸೇಲ್ಸ್ 17ನೆಯ ಶತಮಾನದ ಆರಂಭದಲ್ಲಿಯೇ, ಸೈನಿಕನ ಪಾಳೆಯದಿಂದಲೂ ಕುಶಲಕರ್ಮಿಯ ಅಂಗಡಿಯಿಂದಲೂ ಭಕ್ತಿಯನ್ನು ಹೊರಗಟ್ಟುವುದು ತಪ್ಪು ಎಂದು ಬರೆದಿದ್ದರು. 2018ರಲ್ಲಿ ಪೋಪ್ ಫ್ರಾನ್ಸಿಸ್ 'ಪಕ್ಕದ ಮನೆಯ ಸಂತರು' ಎಂದು ಕರೆದದ್ದು ಇಂಥವರನ್ನೇ: ಅಪಾರ ಪ್ರೀತಿಯಿಂದ ಮಕ್ಕಳನ್ನು ಬೆಳೆಸುವ ತಂದೆತಾಯಂದಿರು, ಸಂಸಾರ ಸಾಗಿಸಲು ಬೆವರು ಸುರಿಸುವವರು.

ಲಿಸ್ಯೂವಿನ ಸಂತ ತೆರೇಸಾ 24ನೆಯ ವಯಸ್ಸಿನಲ್ಲಿ, 1897ರಲ್ಲಿ ತೀರಿಕೊಂಡರು. ಮಠದ ಗೋಡೆಯಾಚೆ ಅವರ ಹೆಸರು ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ಬಟ್ಟೆ ಒಗೆಯುವಾಗ ಪಕ್ಕದ ಸೋದರಿ ಕೊಳೆನೀರನ್ನು ಮುಖಕ್ಕೆ ಎರಚಿದರೂ ಮುಖ ಸಿಂಡರಿಸದೆ ಇರುವುದನ್ನು ಅವರು ಅಭ್ಯಾಸ ಮಾಡಿಕೊಂಡಿದ್ದರು. ನಾನು ಆ ಗೃಹಸ್ಥರಿಗೆ ಹೇಳಿದ್ದು ಇದನ್ನೇ. ಲೋಕಲಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವನಿಗೆ ಜರುಗಿ ಜಾಗ ಕೊಡುತ್ತೀರಲ್ಲ, ಅದನ್ನು ಗೊಣಗದೆ, ಅವನ ಮುಖ ನೋಡಿ, ಮನಸ್ಸಿನಲ್ಲಿ ಅವನಿಗೊಂದು ಒಳ್ಳೆಯದನ್ನು ಬಯಸಿ ಕೊಡಿ. ಬೋರಿವಲಿಯಿಂದ ದಾದರಿನವರೆಗೆ ಒಂದು ಜಪಸರ ಮುಗಿಯುತ್ತದೆ, ಎಣಿಸಲು ಬೆರಳುಗಳಿವೆ.

ಸಂತರನ್ನು ಧರ್ಮಸಭೆ ತಯಾರು ಮಾಡುತ್ತದೆಯೇ?

ತಯಾರು ಮಾಡುವುದಿಲ್ಲ, ಗುರುತಿಸುತ್ತದೆ. ಸಾಮಾನ್ಯವಾಗಿ ಒಬ್ಬರು ತೀರಿಕೊಂಡು ಐದು ವರ್ಷ ಕಳೆದ ಮೇಲೆ ಅವರ ಧರ್ಮಪ್ರಾಂತ್ಯದಲ್ಲಿ ವಿಚಾರಣೆ ಆರಂಭವಾಗುತ್ತದೆ. ಆಗ ಅವರು ದೇವರ ಸೇವಕರು. ಅವರ ಸದ್ಗುಣಗಳು ಅಸಾಧಾರಣವೆಂದು ರೋಮ್ ಒಪ್ಪಿದರೆ ಪೂಜ್ಯರು. ಅವರ ಬಿನ್ನಹದಿಂದ ನಡೆದ ಒಂದು ಪವಾಡ ರುಜುವಾತಾದರೆ ಧನ್ಯರು, ಇನ್ನೊಂದಾದರೆ ಸಂತರು. ಧರ್ಮಕ್ಕಾಗಿ ಪ್ರಾಣ ಕೊಟ್ಟವರನ್ನು ಧನ್ಯರೆಂದು ಸಾರಲು ಪವಾಡ ಬೇಕಿಲ್ಲ. ಗೋವಾದ ಪಿಲಾರಿನಲ್ಲಿ ಸಮಾಧಿಯಿರುವ ಆಗ್ನೆಲೊ ಡಿಸೋಜಾ ಸ್ವಾಮಿಗಳನ್ನು 1986ರಲ್ಲಿ ಪೂಜ್ಯರೆಂದು ಘೋಷಿಸಲಾಯಿತು. ಪಟ್ಟಿಗೆ ಸೇರದ ಸಂತರೇ ಹೆಚ್ಚು, ಅವರೆಲ್ಲರಿಗೂ ಸೇರಿ ನವೆಂಬರ್ 1ರ ಹಬ್ಬವಿದೆ.

ನಮ್ಮ ಕಡೆಯವರು ಯಾರಾದರೂ ಸಂತರಾಗಿದ್ದಾರೆಯೇ?

ಇದನ್ನು ಕೇಳಿದಾಗ ನನಗೆ ಹಬ್ಬ. ಇಬ್ಬರ ಬಗ್ಗೆ ಹೇಳುತ್ತೇನೆ.

ಮೊದಲನೆಯವರು ಪಶ್ಚಿಮ ರೈಲು ಹಿಡಿದರೆ ತಲುಪಬಹುದಾದ ವಸಾಯಿಯವರು. ಗೊನ್ಸಾಲೊ ಗಾರ್ಸಿಯಾ ಅಲ್ಲಿ ಹುಟ್ಟಿದ್ದು ಸುಮಾರು 1556ರಲ್ಲಿ. ಅವರ ತಂದೆ ಪೋರ್ಚುಗೀಸ್, ತಾಯಿ ಇಲ್ಲಿಯವರು. ಬಾಲ್ಯದಲ್ಲಿ ಯೇಸುಸಭೆಯ (ಜೆಸ್ಯೂಟ್) ಗುರುಗಳ ಬಳಿ ಓದಿ, ಅವರ ಜೊತೆ ಜಪಾನಿಗೆ ಹೋಗಿ, ಅಲ್ಲಿಯ ಭಾಷೆ ಕಲಿತು ಧರ್ಮೋಪದೇಶ ಮಾಡಿದರು. ಯೇಸುಸಭೆಗೆ ಸೇರಬೇಕೆಂಬ ಆಸೆ ಕೈಗೂಡಲಿಲ್ಲ. ವ್ಯಾಪಾರಕ್ಕಿಳಿದರು, ಕೈತುಂಬ ಸಂಪಾದಿಸಿದರು. ಆದರೂ ಮನಸ್ಸು ನಿಲ್ಲದೆ ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸಭೆಗೆ ಸೋದರರಾಗಿ ಸೇರಿದರು. ಗುರುಪಟ್ಟ ಅವರಿಗಿರಲಿಲ್ಲ. ಜಪಾನಿಗೆ ದುಭಾಷಿಯಾಗಿ ಮರಳಿ, 1597ರ ಫೆಬ್ರವರಿ 5ರಂದು ನಾಗಸಾಕಿಯ ಗುಡ್ಡದ ಮೇಲೆ ಇನ್ನೂ 25 ಮಂದಿಯ ಜೊತೆ ಶಿಲುಬೆಗೇರಿದರು. 1862ರಲ್ಲಿ ಒಂಬತ್ತನೇ ಪಿಯುಸ್ ಅವರನ್ನು ಸಂತರೆಂದು ಘೋಷಿಸಿದರು. ಭಾರತದಲ್ಲಿ ಹುಟ್ಟಿದವರಲ್ಲಿ ಈ ಗೌರವ ಪಡೆದ ಮೊದಲಿಗರು ಅವರು. ಒಂದು ಕಡೆ ಬಾಗಿಲು ಮುಚ್ಚಿದವರಿಗೆ ಅವರ ಕಥೆ ಹೇಳಿ ನೋಡಿ. ನಮ್ಮ ಗುಂಪಿನ ಒಬ್ಬ ಹುಡುಗ ಅದನ್ನು ಕೇಳಿ, ರಜೆ ದಿನ ಒಬ್ಬನೇ ವಸಾಯಿ ಕೋಟೆಗೆ ಹೋಗಿ ಆ ಹಾಳುಬಿದ್ದ ಚರ್ಚುಗಳ ನಡುವೆ ಸಂಜೆಯವರೆಗೂ ಕೂತು ಬಂದಿದ್ದ.

ಎರಡನೆಯವರು ಸಂತ ಜೋಸೆಫ್ ವಾಜ್. ಹುಟ್ಟಿದ್ದು 1651ರಲ್ಲಿ ಗೋವಾದ ಬೆಣಾವಲಿಯಲ್ಲಿ, ಆದರೆ ನಮ್ಮ ಕರಾವಳಿಗೆ ಅವರ ಋಣ ದೊಡ್ಡದು. 1681ರಿಂದ ಕೆಲವು ವರ್ಷ ಕೆನರಾ ಸೀಮೆಯಲ್ಲಿ, ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ತಿರುಗಿ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. 1687ರಲ್ಲಿ ಕೂಲಿಯ ವೇಷದಲ್ಲಿ ಸಿಲೋನಿಗೆ ದಾಟಿದರು, ಏಕೆಂದರೆ ಡಚ್ಚರು ಅಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶ ನಿಷೇಧಿಸಿದ್ದರು. ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ಬಂಧುಗಳೇ ರೋಗಿಗಳನ್ನು ಬಿಟ್ಟು ಓಡಿದಾಗ ಅವರನ್ನು ಎತ್ತಿ ತಂದು ಶುಶ್ರೂಷೆ ಮಾಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ತೀರಿಕೊಂಡರು. ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೋದಲ್ಲಿ ಅವರನ್ನು ಸಂತರೆಂದು ಸಾರಿದರು.

ನನಗೆ ಅವರಲ್ಲಿ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಬೇರೆ. 1677ರ ಆಗಸ್ಟ್ 5ರಂದು, ಇನ್ನೂ ಹೊಸ ಗುರುವಾಗಿದ್ದಾಗ, ಅವರು ಗೋವಾದ ಸಾಂಕ್ವಾಳದಲ್ಲಿ ಒಂದು ಜೀತಪತ್ರ ಬರೆದು, ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಒಪ್ಪಿಸಿಕೊಂಡರು. ಒಬ್ಬ ಮನುಷ್ಯ ತನ್ನನ್ನು ತಾನೇ ಗಂಟು ಕಟ್ಟಿಟ್ಟ ಹಾಗೆ. ಮಂಗಳೂರಿನ ಬಳಿ ಅವರ ಹೆಸರಿನ ಪುಣ್ಯಕ್ಷೇತ್ರವಿರುವ ಊರಿನ ಹೆಸರು ಮುಡಿಪು. ಊರಿಗೆ ಆ ಹೆಸರು ಹೇಗೆ ಬಂದರೂ ಸರಿ, ನನಗೆ ಆ ಹೆಸರು ಕೇಳಿದಾಗಲೆಲ್ಲ ಆ ಜೀತಪತ್ರ ನೆನಪಾಗುತ್ತದೆ.

ಹಳೇ ಗೋವಾದಲ್ಲಿ ಸಂತರ ದೇಹಕ್ಕೆ ಸಾಲು ನಿಲ್ಲುವುದು, ಬಾಂದ್ರಾದ ಮೌಂಟ್ ಮೇರಿ ಚರ್ಚಿನಲ್ಲಿ ಮೇಣದ ಕೈಕಾಲು ಅರ್ಪಿಸುವುದು ಮೂಢನಂಬಿಕೆಯಲ್ಲವೇ?

ಆಗಬಹುದು, ಆಗಬೇಕಾಗಿಲ್ಲ. ಸಂತ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವಾಕ್ಕೆ ಬಂದರು, 1552ರಲ್ಲಿ ಚೀನಾದ ಹೊಸ್ತಿಲಲ್ಲಿರುವ ದ್ವೀಪವೊಂದರಲ್ಲಿ ತೀರಿಕೊಂಡರು. ಬೊಂ ಜೀಸಸ್ ಬಸಿಲಿಕದಲ್ಲಿರುವ ಅವರ ಪಾರ್ಥಿವ ಶರೀರವನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಸಾರ್ವಜನಿಕ ದರ್ಶನಕ್ಕೆ ಇಡುತ್ತಾರೆ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆದ ದರ್ಶನಕ್ಕೆ ನಾವೂ ರಾತ್ರಿ ರೈಲಿನಲ್ಲಿ ಹೋಗಿದ್ದೆವು. ಸಾಲಿನಲ್ಲಿ ಕಾರವಾರ, ಬೆಳಗಾವಿ ಕಡೆಯ ಕನ್ನಡ ಕಿವಿಗೆ ಬೀಳುತ್ತಿತ್ತು. ಹಿಂದೂಗಳೂ ಇದ್ದರು.

ದೇಹಕ್ಕೆ ನಾವು ಕೊಡುವ ಗೌರವಕ್ಕೆ ಕಾರಣವಿದೆ. ಪವಿತ್ರತೆ ಆತ್ಮಕ್ಕೆ ಮಾತ್ರ ಅಂಟುವ ಸಂಗತಿಯಲ್ಲ. ದೀಕ್ಷೆಯ ನೀರು ಬೀಳುವುದು ತಲೆಯ ಮೇಲೆ, ಅಭಿಷೇಕದ ತೈಲ ಹಚ್ಚುವುದು ಹಣೆಗೆ, ಪರಮಪ್ರಸಾದವನ್ನು, ಪೂಜೆಯಲ್ಲಿ ಪವಿತ್ರಗೊಂಡ ರೊಟ್ಟಿಯನ್ನು, ತಿನ್ನುವುದು ಬಾಯಲ್ಲಿ. ಆ ಪಾದಗಳು ನಡೆದ ದೂರವನ್ನು ನೆನೆದು ಕೈಮುಗಿಯುತ್ತೇವೆ, ಆರಾಧನೆ ದೇವರೊಬ್ಬನಿಗೇ. ಬಾಂದ್ರಾದಲ್ಲಿ ಸೆಪ್ಟೆಂಬರ್ 8ರ ಹಬ್ಬದ ಜಾತ್ರೆಯಲ್ಲಿ ಮೇಣದ ಕೈ, ಕಾಲು, ಮನೆ, ಮಗು ಮಾರುತ್ತಾರೆ. ಮಾತು ಹೊರಡದ ಹೆಂಗಸಿಗೆ ಆ ಮೇಣದ ಮಗುವೇ ಪ್ರಾರ್ಥನೆ. ಅದನ್ನು ನಾನು ಮೂಢನಂಬಿಕೆ ಎನ್ನಲಾರೆ. ಇಷ್ಟು ಕೊಟ್ಟಿದ್ದೇನೆ, ಇಷ್ಟು ಕೊಡು ಎಂಬ ವ್ಯಾಪಾರಕ್ಕೆ ಇಳಿದರೆ ಮಾತ್ರ ದಾರಿ ತಪ್ಪಿದ ಹಾಗೆ.

ವಿಶ್ವಾಸ ಪ್ರಮಾಣದಲ್ಲಿ ಬರುವ 'ಸಂತರ ಅನ್ಯೋನ್ಯತೆ' ಎಂದರೆ ಸತ್ತ ಸಂತರ ಕೂಟವೇ?

ಬದುಕಿರುವ ನಾವು, ಶುದ್ಧೀಕರಣದಲ್ಲಿರುವ ಅಗಲಿದವರು, ಸ್ವರ್ಗದಲ್ಲಿರುವವರು ಎಲ್ಲರೂ ಅದರಲ್ಲಿದ್ದಾರೆ. ಲ್ಯಾಟಿನಿನ ಆ ಪದಗುಚ್ಛಕ್ಕೆ ಪವಿತ್ರ ಜನರ ಹಂಚಿಕೆ, ಪವಿತ್ರ ವಸ್ತುಗಳ ಹಂಚಿಕೆ ಎಂಬ ಎರಡೂ ಅರ್ಥಗಳಿವೆ. ಒಂದೇ ಪರಮಪ್ರಸಾದವನ್ನು ಹಂಚಿಕೊಂಡು ಉಣ್ಣುವವರು ಒಬ್ಬರಿಗೊಬ್ಬರು ಸೇರಿದವರು. ನಿಮ್ಮ ಪ್ರಾರ್ಥನೆಯ ಫಲ ನನಗೆ ಬರುತ್ತದೆ, ನನ್ನ ಪಾಪದ ಭಾರ ನಿಮ್ಮ ಮೇಲೂ ಬೀಳುತ್ತದೆ.

ನನ್ನ ಗಂಡ ಹಿಂದೂ, ನಿಷ್ಠಾವಂತ ಮನುಷ್ಯ. ಧರ್ಮಸಭೆಯ ಹೊರಗಿರುವುದರಿಂದ ಅವರಿಗೆ ಪವಿತ್ರತೆ ಇಲ್ಲವೇ?

ಹಾಗೆ ಧರ್ಮಸಭೆ ಹೇಳುವುದಿಲ್ಲ. ಪಾವನತೆಯ ಮತ್ತು ಸತ್ಯದ ಅನೇಕ ಅಂಶಗಳು ಧರ್ಮಸಭೆಯ ಗೋಚರ ಎಲ್ಲೆಯ ಹೊರಗೂ ಇವೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ ಒಪ್ಪಿದೆ. 1965ರ ಅಕ್ಟೋಬರ್ 28ರ ಘೋಷಣೆಯಲ್ಲಿ ಹಿಂದೂ ಧರ್ಮವನ್ನು ಹೆಸರಿಸಿಯೇ, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ತಾನು ತಿರಸ್ಕರಿಸುವುದಿಲ್ಲ ಎಂದಿದೆ. ಆ ಒಳ್ಳೆಯತನದ ಮೂಲವೂ ಕ್ರಿಸ್ತರೇ ಎಂದು ನಾವು ವಿಶ್ವಾಸಿಸುತ್ತೇವೆ. ಅದನ್ನು ಅವರ ಮುಂದೆ ದೊಡ್ಡಸ್ತಿಕೆಯಾಗಿ ಆಡಬೇಕಾಗಿಲ್ಲ. ನಿಮಗೆ ಹುಷಾರಿಲ್ಲದ ದಿನ ಅವರೇ ಮಕ್ಕಳನ್ನು ಕರೆದುಕೊಂಡು ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದನ್ನು ನಾನು ಕಂಡಿದ್ದೇನೆ.

ಪ್ರತಿ ತಿಂಗಳೂ ಗುರುಗಳ ಬಳಿ ಅದೇ ಪಾಪವನ್ನು ನಿವೇದಿಸುತ್ತೇನೆ. ಇದು ನಾಟಕವಲ್ಲವೇ?

ಬಿಡಬೇಕೆಂಬ ಮನಸ್ಸು ನಿಜವಾಗಿದ್ದರೆ ನಾಟಕವಲ್ಲ. ಪೂಜೆಯ ಕ್ರಮವನ್ನೇ ಗಮನಿಸಿ. ಆರಂಭದಲ್ಲಿ ಎಲ್ಲರೂ, ಗುರುಗಳೂ ಸೇರಿ, ನಾನು ಪಾಪ ಮಾಡಿದ್ದೇನೆ ಎಂದು ಒಪ್ಪಿಕೊಳ್ಳುತ್ತೇವೆ. ಸ್ವಲ್ಪ ಹೊತ್ತಿಗೆ ಅದೇ ಬಾಯಿಂದ ಪವಿತ್ರ ಧರ್ಮಸಭೆ ಎನ್ನುತ್ತೇವೆ. ಪರಮಪ್ರಸಾದಕ್ಕೆ ಮೊದಲು ಗುರುಗಳು, ನಮ್ಮ ಪಾಪಗಳನ್ನು ನೋಡದೆ ನಿಮ್ಮ ಧರ್ಮಸಭೆಯ ವಿಶ್ವಾಸವನ್ನು ನೋಡಿ ಎಂದು ಬೇಡುತ್ತಾರೆ. ಧರ್ಮಸಭೆಯ ಪವಿತ್ರತೆಯನ್ನು ಒರಗಿಕೊಂಡು ನಿಲ್ಲುವುದಕ್ಕೆಂದೇ ಪಾಪಿ ಒಳಗೆ ಬರುತ್ತಾನೆ. ಸ್ನಾನ ಮಾಡಿಕೊಂಡು ಆಮೇಲೆ ಸ್ನಾನದ ಮನೆಗೆ ಬನ್ನಿ ಎಂದು ಯಾರೂ ಹೇಳುವುದಿಲ್ಲ.

ನನ್ನ ಎಂಟು ವರ್ಷದ ಮಗಳು, "ಅಮ್ಮ, ನಾನೂ ಪವಿತ್ರಳೇ?" ಎಂದು ಕೇಳಿದಳು. ಏನು ಹೇಳಲಿ?

ಹೌದು ಎನ್ನಿ. ಒಳ್ಳೆಯ ಹುಡುಗಿಯಾಗಿದ್ದರೆ, ಹಟ ಮಾಡದಿದ್ದರೆ ಎಂದು ಷರತ್ತು ಸೇರಿಸಬೇಡಿ, ಅದನ್ನು ಆಮೇಲೆ ಬೇರೆಯಾಗಿ ಹೇಳಬಹುದು. ದೀಕ್ಷಾಸ್ನಾನದ ದಿನ ಅವಳಿಗೆ ಹೊದಿಸಿದ ಬಿಳಿಯ ಬಟ್ಟೆ ಪೆಟ್ಟಿಗೆಯಲ್ಲಿದ್ದರೆ ತೆಗೆದು ತೋರಿಸಿ, ಆ ದಿನ ಯಾರು ಎತ್ತಿಕೊಂಡಿದ್ದರು, ಅವಳು ಎಷ್ಟು ಅತ್ತಳು ಎಂದು ಹೇಳಿ. ಹುಟ್ಟುಹಬ್ಬದ ಹಾಗೆ ಆ ದಿನವನ್ನೂ ಒಂದು ಮೇಣದಬತ್ತಿ ಹಚ್ಚಿ ಆಚರಿಸಿ. ದಿನಾಂಕ ಮರೆತಿದ್ದರೆ ಧರ್ಮಕೇಂದ್ರದ ಕಚೇರಿಯಲ್ಲಿರುವ ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಸಿಗುತ್ತದೆ. ಊರಿನ ಚರ್ಚಿನಲ್ಲಿ ದೀಕ್ಷೆಯಾಗಿದ್ದರೆ ಅಲ್ಲಿಯ ಗುರುಗಳಿಗೆ ಒಂದು ಪತ್ರ ಬರೆದು ತರಿಸಿಕೊಳ್ಳಬಹುದು.